ಬೀಗರ ಕಂಬಳಿ

ವಿಜಾಪುರ
ತಾ. ೪-೭-೧೯೬೪

ತಿಕೋಟದಲ್ಲಿರುವ ಮಗಳು ಚಿ. ಸೌ. ಸಕ್ರವ್ವಗೆ ಅವ್ವನ ತುಂಬು ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎನ್ನುವುದು ವಾಡಿಕೆ. ಆ ಮಾತು ಈ ಪತ್ರದಲ್ಲಿ ಇಲ್ಲ.

ನಿನ್ನ ಕಾರ್ಡು ಬಂತು. ಪಂಚಮಿಗೆ ಬರುವುದಿಲ್ಲ, ಇನ್ನು ನನಗೆ ತವರೇ ಇಲ್ಲ ಎಂದಿದ್ದೀ. ಇಂಥದ್ದನ್ನು ಕಾರ್ಡಿನಲ್ಲಿ ಹಾಕಿದರೆ ಟಪಾಲಿನವನಿಂದ ಹಿಡಿದು ಓಣಿಯವರೆಲ್ಲ ಓದುತ್ತಾರೆ ಎಂಬ ಖಬರಾದರೂ ಬೇಡವೇ ನಿನಗೆ? ಸಿಟ್ಟು ಬಂದಿದೆ, ಒಪ್ಪಿದೆ. ನಿನ್ನ ಮಗನ ಜವಳದ ದಿನ ನಿನ್ನ ಮಾವ ಖಂಡಪ್ಪನವರು ಅಂಗಳದಲ್ಲಿ ಕಂಬಳಿ ಹಾಸಿ ಕರೆದರು. ಕುರಿ ಕಾಯುವ ನಮ್ಮ ಮಂದಿಯಲ್ಲಿ ಬೀಗರಿಬ್ಬರೂ ಒಂದೇ ಕಂಬಳಿಯ ಮೇಲೆ ಕೂತು ಒಂದೇ ಗಂಗಾಳದಲ್ಲಿ ಉಂಡರೆ ಸಂಬಂಧ ಗಟ್ಟಿ. ದೇವರ ಗದ್ದಿಗೆಯಷ್ಟೇ ಮಡಿ ಆ ಕಂಬಳಿಗೆ. ನಿಮ್ಮಪ್ಪ ಅದರ ಅಂಚಿನಲ್ಲಿ ನಿಂತು, ತಾವು ಕೂರುವುದಿಲ್ಲ ಎಂದಷ್ಟೇ ಹೇಳಿ ಹೊರಟುಬಿಟ್ಟರು. ಸಾಲಿ ಮಾಸ್ತರನಿಗೆ ನಮ್ಮ ಕಂಬಳಿ ಚುಚ್ಚುತ್ತದೆ ಎಂದು ನಿನ್ನ ಮಾವ ಮಂದಿಯೆದುರು ಆಡಿದರು. ಅಂದಿನಿಂದ ನಿನ್ನನ್ನು ಇತ್ತ ಕಳಿಸುತ್ತಿಲ್ಲ.

ಅವರು ಅಂದುಕೊಂಡರೆ ಅಂದುಕೊಳ್ಳಲಿ. ನೀನೂ ಹಾಗೇ ತಿಳಿದೆಯಲ್ಲ, ಅದು ನನಗೆ ಉರಿಯುತ್ತದೆ. ಕಾಖಂಡಕಿಯ ಕುರಿಹಟ್ಟಿಯಲ್ಲಿ ಕಂಬಳಿ ಹೊದ್ದೇ ಬೆಳೆದ ಮನುಷ್ಯ ನಿಮ್ಮಪ್ಪ.

ಕೇಳು. ಚಳಿಗಾಲದಲ್ಲಿ ನಿಮ್ಮಪ್ಪ ಮಿರಜಕ್ಕೆ ಹೋಗಿ ಆಪರೇಶನ್ ಮಾಡಿಸಿಕೊಂಡರಲ್ಲ, ಮೂತ್ರದ ಚೀಲದಲ್ಲಿ ಹರಳಿತ್ತು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಚೀಲದ ಬುಡದಲ್ಲಿ ಕ್ಯಾನ್ಸರಿನ ಗಂಟಾಗಿತ್ತು. ಡಾಕ್ಟರು ಪೂರ್ತಿ ತೆಗೆದರು, ಜೀವ ಉಳಿಯಿತು. ಅಂದಿನಿಂದ ಉಚ್ಚೆ ಮಾತ್ರ ನಿಲ್ಲುವುದಿಲ್ಲ. ಕೆಮ್ಮಿದರೆ ಸೋರುತ್ತದೆ, ಎದ್ದರೆ ಸೋರುತ್ತದೆ, ಕೂತರೂ ಸೋರುತ್ತದೆ. ಗಂಟು ತೆಗೆದ ಗಂಡಸರಿಗೆ ಹೀಗಾಗುವುದುಂಟು, ಕೆಲವರಿಗೆ ಬರಬರುತ್ತ ಕಡಿಮೆಯಾಗುತ್ತದೆ, ಕೆಲವರಿಗೆ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಇದನ್ನು ನನಗೆ ಯಾರೂ ಹೇಳಲಿಲ್ಲ.

ಊರಿಗೆ ಬಂದವರೇ ಹಾಸಿಗೆಯನ್ನು ಪಡಸಾಲೆಗೆ ಒಯ್ದರು. ನನ್ನ ಮೇಲೆ ಏನೋ ಮುನಿಸು ಎಂದು ತಿಳಿದು ನಾನೂ ಬಿಗಿದುಕೊಂಡೇ ಇದ್ದೆ. ಉರಿಬಿಸಿಲಲ್ಲೂ ಉದ್ದ ಕೋಟು ಬಿಚ್ಚಲಿಲ್ಲ. ನೀರು ಕುಡಿಯುವುದು ಬಿಟ್ಟರು, ತುಟಿ ಒಡೆದವು. ಸ್ಟೇಷನ್ ರಸ್ತೆಯಲ್ಲಿ ಸೈಫುದ್ದೀನ ಮಾಸ್ತರರ ಜೊತೆ ಕೂತು ಚಹಾ ಕುಡಿಯದೆ ಮನೆಗೆ ಬರದಿದ್ದವರು, ಅವರೇ ಕರೆಯಲು ಬಂದರೆ ತಲೆನೋವೆಂದು ಹೇಳಿ ಕಳಿಸು ಎನ್ನತೊಡಗಿದರು. ಒಂದು ನಸುಕಿನಲ್ಲಿ ನೋಡಿದರೆ, ಬಚ್ಚಲಲ್ಲಿ ಕೂತು ನನ್ನ ಹಳೆಯ ಸೀರೆಯ ತುಂಡು ಹಿಂಡುತ್ತಿದ್ದಾರೆ. ನನ್ನನ್ನು ಕಂಡು ಗೋಡೆಗೆ ಮುಖ ಮಾಡಿದರು. ಸಕ್ರಿಗೆ ತಿಳಿದರೆ ಅವಳ ಮುಂದೆ ಮತ್ತೆ ತಲೆಯೆತ್ತಲಾರೆ ಎಂದು ಆಣೆ ಹಾಕಿಸಿಕೊಂಡರು.

ಜವಳಕ್ಕೆ ಹೊರಟ ದಿನ ಬಟ್ಟೆಯ ಮೇಲೆ ಬಟ್ಟೆ ಕಟ್ಟಿಕೊಂಡಿದ್ದರು. ತಿಕೋಟದ ಬಸ್ಸಿನ ಕುಲುಕಾಟಕ್ಕೆ ಅಷ್ಟೂ ತೊಯ್ದುಹೋಯಿತು. ಕೋಟು ಎಳೆದುಕೊಂಡು, ನಿಂತೇ ಮೊಮ್ಮಗನ ಕೂದಲು ತೆಗೆಯುವುದನ್ನು ನೋಡಿದರು. ಆ ಧೋತರದಲ್ಲಿ ಮಡಿ ಕಂಬಳಿಯ ಮೇಲೆ ಹೇಗೆ ಕೂರಬೇಕು? ಎಲ್ಲ ಗೊತ್ತಿದ್ದೂ ನಾನು ಹೆಂಗಸರ ನಡುವೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ನಿನ್ನ ಕಾರ್ಡು ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. "ನಿಮ್ಮ ಮಾನ ನೀವು ಇಟ್ಕೋರಿ. ನನ್ನ ಮಗಳಿಗೆ ತವರಮನಿ ಬೇಕ್ರಿ. ನಾ ಹೇಳಾಕಿನ," ಎಂದುಬಿಟ್ಟೆ. ಅವರು ಗಂಗಾಳ ಸರಿಸಿ ಎದ್ದುಹೋದರು. ಆಣೆ ಮುರಿದ ಪಾಪ ನನಗಿರಲಿ.

ಇದು ನಿನ್ನ ಹೊಟ್ಟೆಯಲ್ಲೇ ಇರಲಿ. ಅಪ್ಪನಿಗೆ ಅಂದು ವಾಂತಿಭೇದಿಯಾಗಿತ್ತು ಎಂದು ಮಾವನಿಗೆ ಹೇಳಿ, ಹೇಗಾದರೂ ಮಾಡಿ ಪಂಚಮಿಗೆ ಬಾ. ಬಂದಾಗ ಅಪ್ಪನನ್ನು ಕನಿಕರದಿಂದ ನೋಡಬೇಡ, ಅದನ್ನು ಅವರು ತಾಳಲಾರರು. ಎಂದಿನಂತೆ ಜಗಳವಾಡು.

ನಿನ್ನ ದಾರಿ ನೋಡುತ್ತಿರುವ ಅವ್ವ,
ಮುದುಕವ್ವ

ತಾ. ಕ.: ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ನಿನ್ನ ಅವ್ವನಿಗೆ ಬರೆಯಲು ಬರುವುದಿಲ್ಲ. ಇಂಥದ್ದನ್ನು ಯಾರಿಂದ ಬರೆಸಲಿ ಎಂದು ಕಾಗದ ಹಿಡಿದು ಕೂತಿದ್ದಳು. ಕೊಡು ಎಂದು ನಾನೇ ಇಸಿದುಕೊಂಡೆ. ನಡುವೆ ಎರಡು ಸಲ ಎದ್ದುಹೋದೆ, ಮತ್ತೆ ಬಂದು ಕೂತೆ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ. ವಾಂತಿಭೇದಿಯ ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಈ ಪತ್ರವನ್ನು ಅಳಿಯಂದಿರ ಕೈಗೆ ಕೊಡು. ಅವರು ಇದನ್ನು ನಿನ್ನ ಮಾವನಿಗೆ ಪೂರ್ತಿ ಓದಿ ಹೇಳಲಿ.

ನಿನ್ನ ಅಪ್ಪ,
ಸಿದ್ದರಾಯ