ನಿಮ್ಮ ಕುರ್ಚಿಯಲ್ಲಿ ಕೂತವಳು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಸರ್ವೆ ಸಾಹೇಬರಿಗೆ,

'ಹೋದವರ ಜಾಗದಲ್ಲಿ ಬಂದು ಕೂರುತ್ತದೆ' ಎಂಬ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಬಂದು ಕೂರುವುದು ಧೂಳೋ ಮೌನವೋ, ನೆನಪಾಗುತ್ತಿಲ್ಲ. ಯಾವ ಪುಸ್ತಕದಲ್ಲಿ ಓದಿದೆನೆಂಬುದೂ ಮರೆತಿದೆ. ಮೌನವೇ ಇರಬೇಕು; ಕವಿಗಳ ಕೈಗೆ ಸುಲಭವಾಗಿ ಸಿಗುವ ಸಾಮಾನು ಅದು. ಆದರೆ ಬರೆದವರು ಸರಿಯಾಗಿ ನೋಡಿದಂತಿಲ್ಲ. ನೀವು ಹೋದ ಜಾಗದಲ್ಲಿ ಮೌನ ಬಂದು ಕೂರಲಿಲ್ಲ. ಧೂಳು ಕೂರಲು ನಾನು ಬಿಡಲಿಲ್ಲ. ಬೂದು ಬಣ್ಣದ, ಒಂದು ಕಿವಿ ಹರಿದ, ನನ್ನಷ್ಟೇ ನಡುವಯಸ್ಸಿನ ಒಂದು ಬೆಕ್ಕು ಬಂದು ಕೂತಿತು.

ಉತ್ತರ ತಡವಾಯಿತು, ಬೇಸರಿಸಬೇಡಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಸುಮ್ಮನಾಗುತ್ತೇನೆ. ಕಾಗದಕ್ಕೆ ಆ ತಾಪತ್ರಯವಿಲ್ಲ. ಪೂರ್ತಿ ಓದಿ, ಆಮೇಲೆ ಎಷ್ಟು ಬೇಕಾದರೂ ಕೂಗಾಡಿ.

ರೈಲುದಾರಿಯ ಅಳತೆ ಮುಗಿಯಿತು, ತಿಂಗಳ ಕೊನೆಗೆ ಮನೆಗೇ ಬಂದುಬಿಡುತ್ತೇನೆ ಎಂದಿರಿ. ಸಂತೋಷವಾಯಿತು. ಅದೇ ಉಸಿರಿನಲ್ಲಿ, 'ಅಷ್ಟರೊಳಗೆ ಆ ಬೆಕ್ಕನ್ನ ಎಲ್ಲಾದರೂ ಸಾಗಹಾಕು. ನಾನಿರೋ ಮನೇಲಿ ಅದು ಇರಕೂಡದು' ಎಂದಿರಿ. ಕೆಳಮನೆಯವರು ಮನೆ ಬಿಡುವಾಗ ಹಳೇ ಬಕೆಟ್ಟಿನ ಜೊತೆ ಬಿಟ್ಟುಹೋದ ಬೆಕ್ಕಿಗೆ ನಾವೇಕೆ ಜವಾಬ್ದಾರರು ಎಂಬುದು ನಿಮ್ಮ ವಾದ. ವಾದದಲ್ಲಿ ಹುರುಳಿದೆ ಎಂದುಕೊಂಡು ಮನೆ ಹುಡುಕಲು ಹೊರಟೆ. ನಾನು ಪ್ರಯತ್ನವನ್ನೇ ಮಾಡಲಿಲ್ಲ ಎಂದು ನೀವು ಆಮೇಲೆ ಹೇಳಬಾರದಲ್ಲ.

ಮೊದಲು ಒಂದು ಜಾಹೀರಾತು ಬರೆದು ನಮ್ಮ ಲ್ಯಾಬಿನ ಬಾಗಿಲಿಗೆ ಅಂಟಿಸಿದೆ. ಅಲ್ಲೇ ಎಡವಟ್ಟಾಯಿತು. ಬೀಜ ಪರೀಕ್ಷೆಯ ವರದಿಯಲ್ಲಿ ನಾವು ದೋಷಗಳನ್ನು ಮೊದಲು ಬರೆಯುತ್ತೇವಲ್ಲ, ಕಳೆ ಎಷ್ಟು, ಮುರುಕು ಎಷ್ಟು, ಹುಳು ತಿಂದದ್ದೆಷ್ಟು ಎಂದು? ಕೈ ಆ ಚಾಳಿಗೆ ಬಿದ್ದಿದೆ. 'ಜಾತಿ ಗೊತ್ತಿಲ್ಲ. ಒಂದು ಕಿವಿ ಹರಿದಿದೆ. ಅಪರಿಚಿತರನ್ನು ಕಂಡರೆ ಬೀರುವಿನ ಕೆಳಗೆ ಸೇರುತ್ತದೆ. ಕರೆದರೆ ಬರುವುದಿಲ್ಲ. ಮರಿ ಹಾಕುವುದಿಲ್ಲ' ಎಂದೆಲ್ಲ ಬರೆದು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಒಳ್ಳೆಯ ಬೆಕ್ಕು' ಎಂದಿದ್ದೆ. ನಮ್ಮ ಅಟೆಂಡರ್ ನಿಂತು ಓದಿ, "ಮೇಡಂ, ಇದು ಬೆಕ್ಕು ಕೊಡೋದಕ್ಕಾ, ಇಲ್ಲ ಅದರ ಮೇಲೆ ಕೇಸ್ ಹಾಕೋದಕ್ಕಾ?" ಎಂದ.

ಆದರೂ ಬೇಕರಿಯವನು ಬಂದ. ಅವನಿಗೆ ಇಲಿ ಹಿಡಿಯುವ ಬೆಕ್ಕು ಬೇಕಿತ್ತು. ಮುಚ್ಚಳದ ಬುಟ್ಟಿಯಲ್ಲಿ ಕೂರಿಸಿ ಕಳಿಸಿಕೊಟ್ಟೆ. ಮಾರನೇ ದಿನ ಅವನೇ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಅಕ್ಕಾ, ಒಲೆ ಪಕ್ಕದಲ್ಲೇ ಮಲಗಿತ್ತು. ಇಲಿ ಬಂದ್ರೆ ಸ್ವಲ್ಪ ಸರಿದು ಅದಕ್ಕೂ ಜಾಗ ಕೊಡ್ತು. ಇಷ್ಟು ಒಳ್ಳೆಯವರು ನಮ್ಮ ಲೈನಿಗೆ ಆಗಲ್ಲ" ಎಂದ.

ಆಮೇಲೆ ನಿವೃತ್ತ ಹೆಡ್‌ಮಾಸ್ಟರ ಮನೆ. ಅವರ ಹೆಂಡತಿ ಕನ್ನಡಕ ಏರಿಸಿ ನೋಡಿ, "ವಯಸ್ಸಾಗಿದೆಯಲ್ಲಮ್ಮ, ಮರಿ ಆಗಿದ್ರೆ ನಾವು ಹೇಳಿದ ಹಾಗೆ ಬೆಳೆಸಬಹುದಿತ್ತು" ಎಂದರು. ಹೆಡ್‌ಮಾಸ್ಟರು ಪೇಪರಿನ ಹಿಂದಿನಿಂದಲೇ, "ಹೌದು, ನನ್ನನ್ನ ಹಾಗೇ ಬೆಳೆಸಿದ್ದು" ಎಂದರು. ಚಹಾ ಕುಡಿದು ಬೆಕ್ಕಿನ ಸಮೇತ ವಾಪಸು ಬಂದೆ.

ಅಷ್ಟು ಹೊತ್ತಿಗೆ ನೀವು ನಿಮ್ಮಕ್ಕನಿಗೆ ದೂರು ಕೊಟ್ಟಾಗಿತ್ತು. ಅತ್ತಿಗೆ ಫೋನ್ ಮಾಡಿದರು.

"ಏನೇ ಇದು? ಬೆಕ್ಕು ಬೇಕಾ, ನನ್ನ ತಮ್ಮ ಬೇಕಾ, ಒಂದು ತೀರ್ಮಾನ ಮಾಡು."

"ಇಬ್ಬರಲ್ಲಿ ಯಾರಿಗೆ ಬೇರೆ ಮನೆ ಬೇಗ ಸಿಗತ್ತೆ ಅಂತ ವಿಚಾರಿಸ್ತಾ ಇದೀನಿ ಅತ್ತಿಗೆ" ಎಂದೆ.

ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. "ಅವನನ್ನಂತೂ ಇಲ್ಲಿಗೆ ಕಳಿಸಬೇಡ" ಎಂದರು. "ಹಾಸಿಗೆ ಮಡಚೋದಿಲ್ಲ, ತಿಂದ ತಟ್ಟೆ ಎತ್ತೋದಿಲ್ಲ. ಬೆಕ್ಕಾದರೆ ಮಣ್ಣಾದರೂ ಮುಚ್ಚತ್ತೆ." ಇದು ನನ್ನ ಮಾತಲ್ಲ, ನಿಮ್ಮ ಒಡಹುಟ್ಟಿದವರದ್ದು. ಜಗಳವಾಡುವುದಿದ್ದರೆ ಅಲ್ಲಿಗೇ ಫೋನ್ ಮಾಡಿ.

ಇಷ್ಟನ್ನೇ ಓದಿ, ಯಾರೂ ತೆಗೆದುಕೊಳ್ಳಲಿಲ್ಲವೆಂದು ಬೆಕ್ಕು ನನ್ನ ಹತ್ತಿರ ಉಳಿದಿದೆ ಎಂದುಕೊಳ್ಳಬೇಡಿ. ಮನೆ ಸಿಕ್ಕಿತು. ಬಹಳ ಒಳ್ಳೆಯ ಮನೆ. ನನ್ನ ರವಿಕೆ ಹೊಲಿಯುವ ಟೈಲರಮ್ಮನ ಮನೆ ನಿಮಗೆ ಗೊತ್ತಲ್ಲ, ಕಿಟಕಿಗೆ ಬೆಳಗಿನ ಬಿಸಿಲು ಬೀಳುತ್ತದೆ, ಮೂಲೆಯಲ್ಲಿ ಬಟ್ಟೆಚೂರುಗಳ ಗುಡ್ಡೆ. ಇವಳು ಬುಟ್ಟಿಯಿಂದ ಇಳಿದವಳೇ ಬೀರು ಹುಡುಕಲಿಲ್ಲ. ನೇರ ಹೋಗಿ ಆ ಗುಡ್ಡೆಯ ಮೇಲೆ ಸುತ್ತಿಕೊಂಡಳು. ಟೈಲರಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿ, "ಮಲಗಲಿ ಬಿಡಿ, ಈ ಸದ್ದಿಗೆ ಹೆದರಲಿಲ್ಲವಲ್ಲ, ಅಷ್ಟು ಸಾಕು" ಎಂದಳು. ಇದಕ್ಕಿಂತ ಇನ್ನೇನು ಬೇಕು? ನಿಮಗೆ ಸುದ್ದಿ ಹೇಳೋಣವೆಂದು ದಾರಿಯಲ್ಲೇ ಫೋನ್ ಕೈಗೆತ್ತಿಕೊಂಡೆ. ಹೇಳಲಾಗಲಿಲ್ಲ.

ಮನೆಗೆ ಬಂದು ನಿಮ್ಮ ಕುರ್ಚಿಯ ಕೂದಲನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕುರ್ಚಿ ಚೊಕ್ಕಟವಾಯಿತು. ಅದನ್ನೇ ನೋಡುತ್ತಾ ನಿಂತೆ. ನೀವು ಬಂದು ಅಲ್ಲಿ ಕೂರುವುದು ಕಣ್ಣಿಗೆ ಕಟ್ಟಿತು, ಅದರಲ್ಲಿ ನನಗೆ ಸಂತೋಷವೇ ಇತ್ತು. ಆದರೆ ನೀವು ಬರುವುದಕ್ಕೋಸ್ಕರ ಇನ್ನೊಬ್ಬರು ಯಾಕೆ ಎದ್ದು ಹೋಗಬೇಕು ಎಂಬುದಕ್ಕೆ ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. 'ನಾನು ಹೇಳಿದೆ' ಎಂಬುದೊಂದೇ ಇತ್ತು. ಇಷ್ಟು ವರ್ಷ ನನಗೆ ಅಷ್ಟು ಸಾಕಾಗಿತ್ತು. ಈಗ ಸಾಲುವುದಿಲ್ಲ.

ಚಪ್ಪಲಿ ಮೆಟ್ಟಿ ವಾಪಸು ಹೋದೆ. ಟೈಲರಮ್ಮ ನನ್ನನ್ನು ಕಂಡು ನಕ್ಕಳು. "ಬುಟ್ಟಿ ಇಲ್ಲೇ ಬಿಟ್ಟು ಹೋದ್ರಲ್ಲ, ಆಗಲೇ ಅಂದುಕೊಂಡೆ. ಯಜಮಾನರು ಏನಂತಾರೆ?"

"ಏನಾದರೂ ಅನ್ನಲಿ" ಎಂದೆ. ಬಾಯಿಂದ ಬಿದ್ದ ಮೇಲೆ ಆ ಮಾತಿನ ರುಚಿ ಗೊತ್ತಾಯಿತು.

ನೀವು ಕಳೆದ ಸಲ ರಜೆಗೆ ಬಂದಾಗ ಅವಳನ್ನು ಒಮ್ಮೆ ನೋಡಿ ಕೆಲಸಕ್ಕೆ ಬಾರದ್ದು ಎಂದು ತೀರ್ಪು ಕೊಟ್ಟಿರಿ. ನಮ್ಮ ಲ್ಯಾಬಿನಲ್ಲಿ ಹಾಗೆ ಮಾಡುವುದಿಲ್ಲ. ಒದ್ದೆ ಕಾಗದದಲ್ಲಿ ಸುತ್ತಿಟ್ಟ ಬೀಜ ಮೊದಲ ಎಣಿಕೆಗೆ ಮೊಳೆಯದಿದ್ದರೆ ಎಸೆಯುವುದಿಲ್ಲ, ಕೊನೆಯ ಎಣಿಕೆಯವರೆಗೆ ಕಾಯುತ್ತೇವೆ. ಆಗಲೂ ಕೆಲವು ನೀರು ಕುಡಿಯದೆ ಕಲ್ಲಿನ ಹಾಗೆ ಕೂತಿರುತ್ತವೆ. ಅವನ್ನು ಸತ್ತ ಬೀಜ ಎಂದು ಬರೆಯುವಂತಿಲ್ಲ, ಒಳಗೆ ಜೀವ ಇರುತ್ತದೆ; ಗಟ್ಟಿ ಬೀಜ ಎಂದು ಬೇರೆಯಾಗಿ ಬರೆಯಬೇಕು. ಇಷ್ಟು ವರ್ಷ ಬೇರೆಯವರ ಬೀಜದ ಬಗ್ಗೆ ಹಾಗೆ ಬರೆದು ಸಹಿ ಹಾಕಿದ್ದೇನೆ. ಒಂದು ಸಲ ನನ್ನ ಬಗ್ಗೆಯೂ ಬರೆದುಕೊಂಡರೆ ತಪ್ಪೇನು?

ಆದ್ದರಿಂದ ತಿಳಿಸುವುದೇನೆಂದರೆ, ಬೆಕ್ಕು ಇಲ್ಲೇ ಇರುತ್ತದೆ. 'ಅದು' ಅಲ್ಲ, 'ಅವಳು', ಅಭ್ಯಾಸ ಮಾಡಿಕೊಳ್ಳಿ. ಕುರ್ಚಿ ಅವಳದ್ದು. ನಿಮಗೆ ಕಿಟಕಿಯ ಪಕ್ಕ ಬೆತ್ತದ ಹೊಸ ಕುರ್ಚಿ ಹಾಕಿಸಿದ್ದೇನೆ, ನಿಮ್ಮ ಬೆನ್ನುನೋವಿಗೆ ಅದೇ ಒಳ್ಳೆಯದು. ಬಿಳಿ ಅಂಗಿಗಳನ್ನು ಬೀರುವಿನೊಳಗೆ ಇಡಿ. ಊರೂರಿನ ಗಡಿ ಗುರುತಿಸಿದವರಿಗೆ ಒಂದು ಮನೆಯೊಳಗೆ ಯಾರ ಜಾಗ ಎಲ್ಲಿ ಮುಗಿಯುತ್ತದೆ ಎಂದು ನಾನು ಹೇಳಿಕೊಡಬೇಕಾಗಿಲ್ಲ. ಇದು ನಿಮ್ಮ ಮನೆಯೂ ಹೌದು. ನಿಮ್ಮದು ಮಾತ್ರ ಅಲ್ಲ.

ಒಪ್ಪಿಗೆಯಿದ್ದರೆ ಬನ್ನಿ. ನಿಜವಾಗಿ ಬನ್ನಿ. ನಿಮ್ಮ ಕೆಮ್ಮಿನ ಸದ್ದಿಲ್ಲದೆ ಬೆಳಗಾಗುವುದು ನನಗೆ ಇನ್ನೂ ರೂಢಿಯಾಗಿಲ್ಲ. ಬಿಸಿಲಲ್ಲಿ ಟೊಪ್ಪಿ ಹಾಕಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮಗೆ ಎಲ್ಲ ಒಳ್ಳೆಯದಾಗಲಿ. ಸಿಟ್ಟಿನಲ್ಲಿ ಬರೆಯುತ್ತಿರುವಾಗಲೂ ಹಾರೈಕೆ ಅದೇ.

ಇಂತಿ ನಿಮ್ಮ,
ನೀವು ಅಣಕಿಸುವಂತೆ, 'ಬೀಜದ ಡಾಕ್ಟರು'

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಲಕೋಟೆ ಅಂಟಿಸುವ ಮೊದಲು ಮನಸ್ಸು ಬದಲಾಯಿತು. ಹೋದ ವರ್ಷ ಚಳಿಯಲ್ಲಿ ನನ್ನ ಎದೆಯ ಗಂಟು ತೆಗೆಸಿದಾಗ ನೀವು, "ಅಳತೆ ಅರ್ಧಕ್ಕೆ ಬಿಟ್ಟು ಬರೋಕಾಗಲ್ಲ ಮಾರಾಯ್ತಿ, ಸಣ್ಣ ಆಪರೇಷನ್ ತಾನೇ" ಎಂದಿರಿ. ಸಣ್ಣದೇ. ವರದಿಯೂ ಚೆನ್ನಾಗಿಯೇ ಬಂತು; ಅದನ್ನು ಫೋನಿನಲ್ಲಿ ಹೇಳಿದಾಗ "ನೋಡಿದ್ಯಾ, ನಾನು ಹೇಳಿರಲಿಲ್ವಾ" ಎಂದಿರಿ. ಆಸ್ಪತ್ರೆಯಿಂದ ಹೊರಟದ್ದು ನಾನೊಬ್ಬಳೇ. ಆಟೋದವನು ಗೇಟಿನ ಹತ್ತಿರ ಇಳಿಸಿ ಹೋದ. ಒಂದು ಕೈಯನ್ನು ಎತ್ತುವಂತಿರಲಿಲ್ಲ, ಇನ್ನೊಂದು ಕೈಯಲ್ಲಿ ಚೀಲ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆ. ನಮ್ಮ ಮಹಡಿಯಲ್ಲೇ ಎದುರುಮನೆಯ ವಾಚ್ ರಿಪೇರಿಯ ತಾತ ನಿಮಗೆ ಗೊತ್ತು, ಮಾತಾಡಿದರೆ ಮುತ್ತು ಉದುರೀತು ಅನ್ನುವಂಥವರು. ನಾನಿಲ್ಲದಾಗ ಬೆಕ್ಕಿಗೆ ಅವರೇ ಹಾಲು ಹಾಕಿದ್ದರು. ಅವಳು ನಮ್ಮ ಬಾಗಿಲ ಮುಂದಿನ ಚಾಪೆಯ ಮೇಲಿದ್ದಳು. ನಾನು ಬೀಗದ ಕೈ ಹುಡುಕುತ್ತಿರುವಾಗ ತಾತ ಹೊರಗೆ ಬಂದು ಹೇಳಿದರು:

"ಬಂದ್ಯೇನಮ್ಮ? ನೀನು ಹೋದಾಗಿಂದ ಇವಳು ಆ ಚಾಪೆ ಬಿಟ್ಟು ಕದಲಿಲ್ಲ. ಯಾರು ಮೆಟ್ಟಿಲು ಹತ್ತಿದ್ರೂ ಎದ್ದು ನೋಡೋದು, ನೀನಲ್ಲ ಅಂತ ಮತ್ತೆ ಕೂರೋದು. ಆಟೋ ಸದ್ದು ನನಗೂ ಕೇಳಿಸ್ತು. ಜೊತೆಗೆ ಯಾರಾದರೂ ಬಂದಿರ್ತಾರೆ ಅಂತ ನಾನು ಕೆಳಗೆ ಇಳಿಯಲಿಲ್ಲ. ಕೊಡು ಆ ಚೀಲ ಇಲ್ಲಿ."