ಜೀರುಗುಣಿಕೆ

ಪೂರಿಗಾಲಿ, ಮಳವಳ್ಳಿ ತಾಲ್ಲೂಕು
೧೫ ಜುಲೈ ೨೦೨೫, ಮಂಗಳವಾರ

ಅಂಬರೀಶಣ್ಣಾ, ಜೈ ಭೀಮ್.

ಎಡಭುಜದ ನೋವು ಹೇಗಿದೆ? ಹೈದರಾಬಾದಿನಲ್ಲಿ ದಿನವಿಡೀ ಉಳ್ಳವರ ಮಕ್ಕಳಿಗೆ ಹಾಯಿದೋಣಿ ಕಲಿಸಿ, ಸಂಜೆ ಅವರ ದೋಣಿಗಳನ್ನೂ ನೀನೇ ದಡಕ್ಕೆ ಎಳೆದರೆ ಭುಜ ಉಳಿಯುತ್ತದೆಯೇ? ಅವರ ಕೈಯಲ್ಲೂ ಎಳೆಸು. ಅವ್ವ ಹರಳೆಣ್ಣೆ ಕಳಿಸುತ್ತಿದ್ದಾಳೆ, ಬಿಸಿ ಮಾಡಿ ತಿಕ್ಕಿಕೊಳ್ಳಬೇಕಂತೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ, ಮಾತು ಕಡಿಮೆಯಾಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಸಿಟ್ಟಿನಲ್ಲಿ ಶುರು ಮಾಡಿದರೆ ನೀನು "ಇರ್ಲಿ ಬುಡವ್ವ" ಅಂತ ಅರ್ಧಕ್ಕೇ ಕತ್ತರಿಸುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು. ಪೂರ್ತಿ ಓದು.

ಮೊನ್ನೆ ಭಾನುವಾರ ನಮ್ಮ ಹೊಸಕೆರೆಯಲ್ಲಿ ಜಿಲ್ಲೆಯ ಹಾಯಿದೋಣಿ ರೇಸು ನಡೆಯಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಎರಡೂ ಸೇರಿಸಿ ಗೆದ್ದವರು ರಾಜ್ಯಮಟ್ಟಕ್ಕೆ. ಇಲ್ಲಿಂದ ಹೋಗುವುದು ಒಬ್ಬರೇ. ನೀನು ಬೆಲ್ಲದ ಲಾರಿ ಖಾಲಿಯಾಗಿ ವಾಪಸು ಬರುವಾಗ ಹೇರಿಸಿ ತಂದೆಯಲ್ಲ, ಆ ಹಳೇ ದೋಣಿಯಲ್ಲೇ ನಾನು ಇಳಿದಿದ್ದೆ. ಬೆಳಿಗ್ಗೆ ತೆಳುಗಾಳಿ, ಎಲ್ಲರೂ ದೊಡ್ಡ ಹಾಯಿ ಕಟ್ಟಿದ್ದರು. ಮಧ್ಯಾಹ್ನ ಆಷಾಢದ ಗಾಳಿ ಎದ್ದಿತು ನೋಡು, ದಡದ ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಚಿದಂತಾದವು. ದೊಡ್ಡ ಹಾಯಿ ಇಳಿಸಿ ಚಿಕ್ಕದು ಕಟ್ಟಲೇಬೇಕು. ಅದನ್ನು ಕಂಬಕ್ಕೆ ಬಿಗಿಯುವ ಹಗ್ಗ, ಅಡ್ಡಕೋಲಿನ ತುದಿಗೆ ಎಳೆಯುವ ಹಗ್ಗ, ಅಡ್ಡಕೋಲು ಮೇಲೇಳದಂತೆ ಜಗ್ಗಿ ಹಿಡಿಯುವ ಹಗ್ಗ, ಒಂದೊಂದನ್ನೂ ಬಿಚ್ಚಿ ಮತ್ತೆ ಪೋಣಿಸಿ ಮತ್ತೆ ಕಟ್ಟಬೇಕು. ನೆನೆದ ಗಂಟು ಉಗುರಿಗೂ ಬಗ್ಗದು. ಅಷ್ಟರಲ್ಲಿ ಸೀಟಿ ಊದಿಬಿಡುತ್ತಾರೆ.

ಇದಕ್ಕೆ ನಾನೊಂದು ದಾರಿ ಮಾಡಿಕೊಂಡಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳಿಗೆ ಇಷ್ಟಾದರೂ ಹೊಳೆಯಬೇಡವೇ? ಬೇಸಿಗೆ ರಜೆಯೆಲ್ಲ ಅಂಗಳದಲ್ಲಿ ಕಂಬ ನಿಲ್ಲಿಸಿ ಕಟ್ಟಿದೆ, ಬಿಚ್ಚಿದೆ. ಪಕ್ಕದ ಮನೆ ಮುದ್ದಮ್ಮ "ಏನವ್ವಾ, ಯಾರ್ ಮದ್ವೆ ಚಪ್ರ ಇದು?" ಅಂತ ದಿನಾ ನಗುತ್ತಿದ್ದಳು. ಕೊನೆಗೆ ಎರಡು ಹಾಯಿಗೂ ಬೇರೆ ಬೇರೆ ಹಗ್ಗಗಳನ್ನು ಮೊದಲೇ ಅಳತೆಗೆ ಕಟ್ಟಿಟ್ಟೆ. ಮೂರು ಹಗ್ಗದ ತುದಿಯನ್ನೂ ಒಂದೇ ಕಡೆ ತಂದು ದೋಣಿಗೆ ಒಂದು ಜೀರುಗುಣಿಕೆ ಹಾಕಿದೆ. ದನ ಕಟ್ಟುವಾಗ ಹಾಕುತ್ತೀವಲ್ಲ, ಅದೇ. ದನ ಜಗ್ಗಿದಷ್ಟೂ ಬಿಗಿಯುತ್ತದೆ, ನಾವು ತುದಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ನಮ್ಮ ದೋಣಿಗಳ ಕ್ಲಾಸ್ ರೂಲಿನಲ್ಲಿ ಏನು ಬರೆದಿದೆ, ನೀನೇ ಓದಿಸಿದ್ದೆ: ಕೊಂಡಿ, ಕ್ಲಿಪ್ಪು, ಹೊಸ ಸಾಧನ ಯಾವುದೂ ಕೂಡದು, ಹಗ್ಗ, ಹಗ್ಗದ ಉದ್ದ, ಹಗ್ಗದ ಗಂಟು ಅವರವರ ಇಷ್ಟ. ನಾನು ಹಗ್ಗ ಬಿಟ್ಟು ಬೇರೇನನ್ನೂ ಮುಟ್ಟಿಲ್ಲ. ಮಧ್ಯಾಹ್ನ ಉಳಿದವರು ಮೊದಲನೇ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಾಗ ನಾನು ಚಿಕ್ಕ ಹಾಯಿ ಏರಿಸಿ ನೀರಿನಲ್ಲಿದ್ದೆ. ಬೆಳಿಗ್ಗೆ ಎರಡನೆಯವನಾಗಿ ಬಂದಿದ್ದ ಸ್ವರೂಪ್ ಬೇಸತ್ತು ದೊಡ್ಡ ಹಾಯಿಯಲ್ಲೇ ಬಂದ, ಮೊದಲನೇ ತಿರುವಿನಲ್ಲೇ ಮಗುಚಿದ, ಹೇಗೋ ದೋಣಿ ಎತ್ತಿಕೊಂಡು ಮುಗಿಸಿದ. ಗೆದ್ದೆ ಅಣ್ಣ. ಎರಡೂ ರೇಸು ನಾನೇ ಗೆದ್ದೆ.

ದಡಕ್ಕೆ ಬಂದರೆ ಹಾಯಿದೋಣಿ ಸಂಘದ ಕಾರ್ಯದರ್ಶಿ ಕೆಂಪರಾಜು ನನ್ನ ದೋಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಂಟನ್ನು ಬೆರಳ ತುದಿಯಲ್ಲಿ, ಸತ್ತ ಇಲಿಯನ್ನು ಮುಟ್ಟುವ ಹಾಗೆ ಮುಟ್ಟಿ ನೋಡುತ್ತಿದ್ದರು. ಸ್ವರೂಪನ ಸೋದರಮಾವ ಅವರು. "ಏನಮ್ಮಾ ಇದು, ದನ ಕಟ್ಟೋ ಗಂಟು?" ಅಂದರು. "ಊ ಸಾ, ನಿಮ್ಮನೆ ದನಾನೂ ಇದ್ರಲ್ಲೇ ಕಟ್ಟಿರೋದು" ಅಂದೆ. ನೆರೆದವರು ನಕ್ಕರು. ಆ ನಗುವೇ ಅವರಿಗೆ ಚುಚ್ಚಿತು. "ಇದು ಬ್ಯಾಗ ಬಿಚ್ಚೋ ಸಾಧನ. ಕ್ಲಾಸ್ ರೂಲ್ಗೆ ವಿರುದ್ಧ. ಕ್ಲಾಸ್ ಅಂದ್ರೆ ಕ್ಲಾಸ್ ಇರೋರ್ಗೆ ಕಣಮ್ಮ ತಿಳಿಯೋದು" ಅಂದರು. ಎಲ್ಲರೆದುರಿಗೆ ಅಂದರು. ಕಳೆದ ವರ್ಷ ಇದೇ ಸ್ವರೂಪ್ ವಿದೇಶದ ಉಕ್ಕಿನ ಕೊಂಡಿ ಹಾಕಿಕೊಂಡು ಗೆದ್ದಾಗ ಇದೇ ಬಾಯಿ "ಹುಡ್ಗ ಟೆಕ್ನಿಕ್ ಮಾಡವ್ನೆ" ಅಂತ ಬೆನ್ನು ತಟ್ಟಿತ್ತು. ಅವರ ಕೊಂಡಿ ಟೆಕ್ನಿಕ್, ನನ್ನ ಗಂಟು ಮೋಸ!

ಕ್ಲಾಸ್ ಅಂದರೆ ಏನು ಅಂತ ನನಗೆ ಹೇಳಿಕೊಟ್ಟವನು ನೀನು. ಒಂದೇ ಅಳತೆಯ, ಒಂದೇ ತೂಕದ ದೋಣಿಗಳ ಗುಂಪು. ಯಾರ ಅಪ್ಪನ ಹಣವೂ ಗೆಲ್ಲಬಾರದು, ತಲೆ ಮತ್ತು ತೋಳು ಗೆಲ್ಲಬೇಕು ಅಂತ ಮಾಡಿದ ನಿಯಮ ಅದು. ಸಮಾನತೆಗೆಂದು ಬರೆದದ್ದನ್ನೇ ದೊಣ್ಣೆ ಮಾಡಿಕೊಂಡು ನಮ್ಮನ್ನು ದೂಡುತ್ತಾರಲ್ಲ, ಇವರಿಗೆ ನಾಚಿಕೆ ಅನ್ನುವುದು ಇದೆಯೇ? ಅದೇ ಕೆರೆಯ ಕಲ್ಲುಮೆಟ್ಟಿಲ ಮೇಲೆ ಅಪ್ಪ ಹುಡುಗನಾಗಿದ್ದಾಗ ಕಾಲಿಡುವಂತಿರಲಿಲ್ಲ. ನಮ್ಮವರು ಆಚೆ ದಡದ ಕೆಸರಿಗೆ ಹೋಗಿ ಬಿಂದಿಗೆ ತುಂಬಬೇಕಿತ್ತು. ಅಪ್ಪ ಮತ್ತು ಅವರ ಜೊತೆಗಾರರು ಒಂದು ದಿನ ಮೆರವಣಿಗೆಯಲ್ಲಿ ಬಂದು ಮೆಟ್ಟಿಲಿಳಿದು ನೀರು ಕುಡಿದರು. ಆ ಮೆಟ್ಟಿಲಿಂದಲೇ ನಾನೀಗ ದೋಣಿ ಇಳಿಸುವುದು. ವಿಷಯ ಕೇಳಿ ಅಪ್ಪ ತಟ್ಟೆಯ ಮುದ್ದೆಯನ್ನು ಹಾಗೇ ಬಿಟ್ಟು, "ಗಂಟ್ಗೂ ಜಾತಿ ಹಚ್ಬುಟ್ರಲ್ಲ ಕಣವ್ವಾ!" ಅಂದರು. ಆಮೇಲೆ ಅವರೇ ನಕ್ಕರು. ನನಗೆ ನಗು ಬರಲಿಲ್ಲ.

ಈಗ ಸಂಘದವರು ಇಪ್ಪತ್ತೇಳರ ಭಾನುವಾರ ವಿಚಾರಣೆ ಇಟ್ಟಿದ್ದಾರೆ. "ಗೊತ್ತಿಲ್ದೆ ಆಯ್ತು, ತಪ್ಪಾಯ್ತು" ಅಂದುಬಿಟ್ಟರೆ ಎರಡನೇ ಸ್ಥಾನ ಕೊಡುತ್ತಾರಂತೆ, ಮೊದಲನೆಯದು ಸ್ವರೂಪನಿಗೆ. ಅನ್ನದಿದ್ದರೆ ಎರಡೂ ರೇಸಿನಿಂದ ನನ್ನ ಹೆಸರು ಹೊಡೆದುಹಾಕುತ್ತಾರಂತೆ. ಗೊತ್ತಿಲ್ಲದೆ ಆಯಿತೇ? ರಜೆಯೆಲ್ಲ ಗೊತ್ತಿದ್ದೇ ಮಾಡಿದ್ದು! ನನ್ನ ತಲೆಯಿಂದ ಬಂದದ್ದನ್ನು ನನ್ನ ಬಾಯಿಂದಲೇ ತಪ್ಪು ಅನ್ನಿಸಿ, ಮಿಕ್ಕಿದ್ದನ್ನು ಭಿಕ್ಷೆಯಂತೆ ಕೊಡುತ್ತಾರಂತೆ. ಭಾನುವಾರ ಎಲ್ಲರೆದುರು ಆ ರೂಲನ್ನು ಓದಿಸುತ್ತೇನೆ, ಗಂಟು ಕಟ್ಟಿ ತೋರಿಸುತ್ತೇನೆ, ಇದರಲ್ಲಿ ಹಗ್ಗ ಬಿಟ್ಟು ಏನಿದೆ ಹೇಳಿ ಅಂತ ಕೇಳುತ್ತೇನೆ. ಹೇಳಲಿ.

ಅವ್ವ, ಅಪ್ಪ ಇಬ್ಬರೂ ನಿನಗೆ ಒಳ್ಳೆಯದಾಗಲಿ ಅಂದಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಭುಜ ಜೋಪಾನ.

ನಿನ್ನ ತಂಗಿ,
ಸೌಮ್ಯ

ತಾ.ಕ.: ಅಂಚೆಗೆ ಹಾಕಲು ಮಳವಳ್ಳಿಗೆ ಬಂದವಳು ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಇಷ್ಟು ಸೇರಿಸುತ್ತಿದ್ದೇನೆ. ಕೆಂಪರಾಜು ಈಗ ಇಲ್ಲೇ ಸಿಕ್ಕಿದ್ದರು. "ವಿಷ್ಯ ನಾನೇ ಮುಟ್ಟಿಸ್ದೆ, ನಿಮ್ಮಣ್ಣನೇ ನಿನ್ನೆ ಫೋನ್ ಮಾಡಿ ತಪ್ಪಾಯ್ತು, ಮನ್ಸಿಗ್ ತಗೋಬ್ಯಾಡಿ ಅಂದವ್ನೆ. ದೋಣಿ ಅವನ ಎಸ್ರಲ್ಲೇ ಅದೆ. ಮಾಲೀಕನೇ ಒಪ್ಕೊಂಡ್ ಮ್ಯಾಕೆ ನಿಂದೇನಮ್ಮ ವಿಚಾರ್ಣೆ?" ಅಂದು ಹಲ್ಲು ಬಿಟ್ಟು ಹೋದರು. ನಿನ್ನ ಕೆಲಸ ಇಂಥವರ ಶಿಫಾರಸಿನ ಮೇಲೆ ನಿಂತಿದೆ ಅಂತ ನನಗೂ ಗೊತ್ತು. ಆದರೂ ಯಾರನ್ನು ಕೇಳಿ ನನ್ನ ಪರವಾಗಿ ತಲೆ ತಗ್ಗಿಸಿದೆ? ಭಾನುವಾರಕ್ಕೆ ಮೊದಲು ಅವರಿಗೆ ಮತ್ತೆ ಫೋನ್ ಮಾಡು. ತಪ್ಪಾಗಿಲ್ಲ ಅಂತ ಹೇಳು. ಅದು ನಿನ್ನಿಂದ ಆಗದಿದ್ದರೆ, ದೋಣಿ ನಿನ್ನದು, ಲಾರಿ ಕಳಿಸಿ ತೆಗೆದುಕೊಂಡು ಹೋಗು. ಗಂಟು ನನ್ನದು.