ಅಮ್ಮ ಬಂದು ಹೋದದ್ದು

ಹೊಸಪೇಟೆ, ಸೋಮವಾರ

ಡಾಕ್ಟರ್ ಸಾಹೇಬರಿಗೆ ಬಂಡ್ರಿಯ ಓಬಳೇಶನ ನಮಸ್ಕಾರ.

ಮಗಳು ತುಳಸಿಯೊಂದಿಗೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೇನೆ. ಅವಳ ಮುಂದೆ ಹೇಳಲಾಗದ್ದನ್ನು ಬರೆದು ಕಳಿಸುತ್ತಿದ್ದೇನೆ.

ಹೋದ ವಾರ ನೀವು ತುಳಸಿಯನ್ನು ನೋಡಿ, "ಇದಕ್ಕೆ ಮೊದಲು ಏನಾದರೂ ಆಗಿತ್ತಾ?" ಎಂದು ಕೇಳಿದಾಗ ನಮ್ಮವ್ವ, ಅಂದರೆ ತುಳಸಿಯ ಅಜ್ಜಿ, "ಅಮ್ಮ ಬಂದು ಹೋಗಿದ್ಲ್ರಿ" ಎಂದಳು. ನಮ್ಮ ಕಡೆ ಮಕ್ಕಳ ಮೈಮೇಲೆ ನೀರುಗುಳ್ಳೆ ಎದ್ದರೆ ಹಾಗೆನ್ನುತ್ತೇವೆ. ನೀವು ಬೇರೆ ಕಡೆಯವರು. 'ತಾಯಿ ಬಂದು ಹೋದ ಕೊರಗು' ಎಂದು ಫೈಲಿನಲ್ಲಿ ಬರೆದು ಮನಸ್ಸಿಗೆ ಮಾತ್ರೆ ಕೊಟ್ಟಿರಿ.

ಕೊರಗಾದರೆ ದಿನಕ್ಕೊಂದು ಕೊಡ ನೀರು ಯಾಕೆ ಕುಡಿಯುತ್ತಾಳೆ? ಕೈ ಯಾಕೆ ತಾನಾಗಿ ಸೆಳೆಯುತ್ತದೆ? ಗುಳ್ಳೆಯ ಜೊತೆ ಕಾದಾಡಿದ ಮೈ ಆಮೇಲೆ ತನ್ನ ಮಿದುಳಿನ ಮೇಲೆಯೇ ತಿರುಗಿ ಬೀಳುವುದುಂಟು, ದಾಹವೂ ಅದರಿಂದಲೇ ಇರಬಹುದು ಎಂದು ನಮ್ಮೂರ ನರ್ಸಮ್ಮ ಹೇಳಿದರು. ದಯವಿಟ್ಟು ಜಲ್ದಿ ಒಳಗೆ ಕರೆದು ಮತ್ತೆ ಪರೀಕ್ಷೆ ಮಾಡಿ.

ಇನ್ನೊಂದು. ಹೆಂಡತಿ ನಮ್ಮನ್ನು ಬಿಟ್ಟು ಹೋಗಿ ನಾಲ್ಕು ವರ್ಷವಾಯಿತು. ಫೈಲನ್ನು ಮಗಳು ಓದಿಬಿಟ್ಟಿದ್ದಾಳೆ. ದಾರಿಯುದ್ದಕ್ಕೂ, "ಅವ್ವ ಬಂದಾಗ ನನ್ನ ಯಾಕ ಎಬ್ಬಿಸ್ಲಿಲ್ಲಪ್ಪಾ?" ಎಂದು ಕೇಳಿದಳು. ಬಂದದ್ದು ಗುಳ್ಳೆ ಎಂದು ಅವಳಿಗೆ ನೀವೇ ಹೇಳಿ.

ಇಂತಿ,
ಓಬಳೇಶ